ಮಾತ್ರೆ ಶುರುವಾದದ್ದು ಯಾವಾಗ, ಜೂಜು ಶುರುವಾದದ್ದು ಯಾವಾಗ?

ಕೋಲಾರದ ಎಪಿಎಂಸಿಗೆ ಟೊಮೆಟೊ ತರುವ ಯಾವ ರೈತರನ್ನು ಕೇಳಿದರೂ ಈ ಬೆಳೆ ಒಂದು ಲಾಟರಿ ಅನ್ನುತ್ತಾರೆ. 2023ರ ಜುಲೈನಲ್ಲಿ 15 ಕೆಜಿಯ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಕೀಳುವ ಕೂಲಿ ಕೂಡ ಗಿಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋದ ವರ್ಷಗಳೂ ಇವೆ. ಸಾವಿರ ಅಡಿ ದಾಟಿ ಬೋರ್‌ವೆಲ್ ಕೊರೆಸುವಾಗಲೂ ಅಷ್ಟೇ, ನೀರು ಬಿದ್ದರೆ ಪುಣ್ಯ. ಇಂಥ ಜಿಲ್ಲೆಯಲ್ಲಿ ಒಬ್ಬರು ಐಪಿಎಲ್ ಮೇಲೆ ದುಡ್ಡು ಕಟ್ಟಿದರು, ಇಸ್ಪೀಟಿನಲ್ಲಿ ಸೋತರು ಅಂದರೆ ಯಾರಿಗೂ ಅದು ದೊಡ್ಡ ಸುದ್ದಿ ಅನಿಸುವುದಿಲ್ಲ. ಚಟ ಅನ್ನುತ್ತೇವೆ, ಎರಡು ಬೈಗುಳ ಸೇರಿಸುತ್ತೇವೆ, ಸುಮ್ಮನಾಗುತ್ತೇವೆ.

ಈಗ ಒಂದು ಮನೆಯನ್ನು ಊಹಿಸಿಕೊಳ್ಳಿ. ಮುಳಬಾಗಿಲು ಕಡೆಯ ರೈತ, ವಯಸ್ಸು 52. ಬಲಗೈ ನಡುಗಲು ಶುರುವಾಯಿತು, ನಡಿಗೆ ನಿಧಾನವಾಯಿತು. ಬೆಂಗಳೂರಿಗೆ ಹೋಗಿ ತೋರಿಸಿದರು. ಪಾರ್ಕಿನ್ಸನ್ ಅಂದರು, ಮಾತ್ರೆ ಬರೆದರು. ಕೈ ಹತೋಟಿಗೆ ಬಂತು, ಮತ್ತೆ ತೋಟಕ್ಕೆ ಹೋಗುವಂತಾಯಿತು. ಮನೆಯವರಿಗೆಲ್ಲ ಸಮಾಧಾನ. ಒಂದು ವರ್ಷ ಕಳೆಯುವಷ್ಟರಲ್ಲಿ ಹೆಂಡತಿಯ ಸರ ಗಿರವಿ ಅಂಗಡಿ ಸೇರಿದೆ. ಸೊಸೈಟಿ ಸಾಲದ ದುಡ್ಡು ಬೆಟ್ಟಿಂಗಿಗೆ ಹೋಗಿದೆ. ಅದುವರೆಗೆ ಹಬ್ಬದ ದಿನ ಕೂಡ ಇಸ್ಪೀಟು ಮುಟ್ಟದ ಮನುಷ್ಯ ಅವರು. ಊರಿನವರು "ಕಾಯಿಲೆ ಬಂದ ಮೇಲೆ ತಲೆ ಕೆಟ್ಟಿದೆ" ಅನ್ನುತ್ತಾರೆ. ಮಗ "ಈ ವಯಸ್ಸಲ್ಲಿ ಯಾರೋ ಕೆಡಿಸಿದರು" ಅನ್ನುತ್ತಾನೆ. ಬೆಂಗಳೂರಿನ ಡಾಕ್ಟರಿಗೆ ಮಾತ್ರ ಯಾರೂ ಹೇಳುವುದಿಲ್ಲ. ಕೈ ನಡುಕದ ಡಾಕ್ಟರಿಗೆ ಬೆಟ್ಟಿಂಗ್ ವಿಷಯ ಯಾಕೆ ಹೇಳಬೇಕು, ಅಲ್ವಾ?

ಹೇಳಬೇಕು. ಯಾಕೆಂದರೆ ಆ ಬೆಟ್ಟಿಂಗ್ ಅದೇ ಡಾಕ್ಟರು ಬರೆದ ಮಾತ್ರೆಯಿಂದ ಬಂದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಪಾರ್ಕಿನ್ಸನ್‌ಗೆ ಕೊಡುವ ಕೆಲವು ಔಷಧಿಗಳು ಕೆಲವರಲ್ಲಿ ತಡೆಯಲಾಗದ ಹಂಬಲಗಳನ್ನು ಹುಟ್ಟಿಸುತ್ತವೆ. ಜೂಜು, ಮಿತಿಮೀರಿದ ಲೈಂಗಿಕ ಆಸೆ, ಸಿಕ್ಕಿದ್ದೆಲ್ಲ ಕೊಳ್ಳುವುದು, ಹೊಟ್ಟೆ ತುಂಬಿದ ಮೇಲೂ ತಿನ್ನುತ್ತಲೇ ಇರುವುದು. ವೈದ್ಯಕೀಯ ಜಗತ್ತಿಗೆ ಇದು ಹೊಸದೇನಲ್ಲ. 2000ದ ನಂತರದ ವರ್ಷಗಳಲ್ಲಿ ಒಂದರ ಹಿಂದೆ ಒಂದು ವರದಿ ಬಂದವು. 2010ರಲ್ಲಿ ಅಮೆರಿಕ ಮತ್ತು ಕೆನಡಾದ 3,090 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ನೂರಕ್ಕೆ 13.6 ಮಂದಿಗೆ ಈ ನಾಲ್ಕರಲ್ಲಿ ಒಂದಾದರೂ ತೊಂದರೆ ಇತ್ತು. ಡೋಪಮಿನ್ ಅಗೋನಿಸ್ಟ್ ಅನ್ನುವ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ನೂರಕ್ಕೆ 17.1, ತೆಗೆದುಕೊಳ್ಳದವರಲ್ಲಿ 6.9.

ಇದು ಒಂದು ಹೊತ್ತಿನ ಲೆಕ್ಕ, ಆ ದಿನ ಕೇಳಿದಾಗ ಎಷ್ಟು ಮಂದಿಗೆ ಇತ್ತು ಅನ್ನುವುದು. ವರ್ಷಗಟ್ಟಲೆ ಹಿಂದೆ ಬಿದ್ದು ನೋಡಿದರೆ ಚಿತ್ರ ಬೇರೆಯೇ. ಫ್ರಾನ್ಸಿನಲ್ಲಿ 411 ರೋಗಿಗಳನ್ನು ಹೀಗೆ ಗಮನಿಸಿದ ಅಧ್ಯಯನ 2018ರಲ್ಲಿ ಬಂತು. ಐದು ವರ್ಷದಲ್ಲಿ ಸುಮಾರು 46 ಶೇಕಡಾ ಮಂದಿಗೆ ಒಂದಲ್ಲ ಒಂದು ಹಂಬಲ ಕಾಣಿಸಿಕೊಂಡಿತ್ತು. ಅಗೋನಿಸ್ಟ್ ಮಾತ್ರೆಯನ್ನು ಒಮ್ಮೆಯೂ ತೆಗೆದುಕೊಳ್ಳದವರಲ್ಲಿ ಅದು ಸುಮಾರು 12 ಶೇಕಡಾ. ಅರ್ಧಕ್ಕೆ ಹತ್ತಿರ ಬರುವ ಸೈಡ್ ಎಫೆಕ್ಟನ್ನು ಅಪರೂಪ ಅನ್ನಲು ಬರುವುದಿಲ್ಲ. ನಮ್ಮ ಹತ್ತಿರದ ಲೆಕ್ಕವೂ ಇದೆ. ಕೇರಳದಲ್ಲಿ 305 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇಂಥ ಯಾವುದೋ ವರ್ತನೆ ಇತ್ತು. ಇದೆಲ್ಲ ಪಶ್ಚಿಮ ದೇಶದವರ ಕಾಯಿಲೆ, ನಮ್ಮವರಿಗೆ ಬರುವುದಿಲ್ಲ ಅನ್ನುವ ಮಾತು ಇದರ ಮುಂದೆ ನಿಲ್ಲುವುದಿಲ್ಲ.

ಕಾಯಿಲೆಯೇ ಹೀಗೆ ಮಾಡಿಸುತ್ತದೆಯೋ, ಮಾತ್ರೆ ಮಾಡಿಸುತ್ತದೆಯೋ? ಈ ಪ್ರಶ್ನೆಗೂ ಸಾಕಷ್ಟು ಉತ್ತರ ಸಿಕ್ಕಿದೆ. ಪಾರ್ಕಿನ್ಸನ್ ಇದೆ ಎಂದು ಈಗಷ್ಟೇ ಗೊತ್ತಾಗಿ ಇನ್ನೂ ಮಾತ್ರೆ ಶುರು ಮಾಡದವರನ್ನು ಆರೋಗ್ಯವಂತರ ಜೊತೆ ಹೋಲಿಸಿ ನೋಡಿದ್ದಾರೆ. ಇಬ್ಬರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಸುಳಿವು, ರಾತ್ರಿ ಮಲಗಿದಾಗ ಕಾಲು ಸುಮ್ಮನಿರದೆ ಚಡಪಡಿಸುವ ತೊಂದರೆಗೂ ಇದೇ ಅಗೋನಿಸ್ಟ್ ಮಾತ್ರೆಗಳನ್ನು ಕಡಿಮೆ ಡೋಸಿನಲ್ಲಿ ಕೊಡುತ್ತಾರೆ. ಅವರಿಗೆ ಪಾರ್ಕಿನ್ಸನ್ ಇಲ್ಲವೇ ಇಲ್ಲ. ಅವರಲ್ಲೂ ಕೆಲವರು ಜೂಜಿಗೆ ಬಿದ್ದಿದ್ದಾರೆ.

ಸೋಲು ಚುಚ್ಚದ ಮಿದುಳು

ಡೋಪಮಿನ್ ಮಿದುಳಿನ ಒಂದು ರಾಸಾಯನಿಕ. ಪಾರ್ಕಿನ್ಸನ್‌ನಲ್ಲಿ ಅದನ್ನು ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುತ್ತವೆ. ಆದರೆ ಎಲ್ಲ ಕಡೆ ಒಂದೇ ಸಮ ಸಾಯುವುದಿಲ್ಲ. ಕೈಕಾಲು ಆಡಿಸುವ ಕೆಲಸಕ್ಕೆ ಸೇರಿದ ದಾರಿ ಮೊದಲು ಹಾಳಾಗುತ್ತದೆ. ಆಸೆ, ಖುಷಿ, ಬಹುಮಾನ ಇವಕ್ಕೆ ಸೇರಿದ ದಾರಿ ಬಹಳ ಕಾಲ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಕೆರೆ ನೋಡಿ ಬೆಳೆದ ಕೋಲಾರದವರಿಗೆ ಇದನ್ನು ಹೀಗೆ ಹೇಳಬಹುದು. ಒಂದೇ ತೂಬು, ಎರಡು ಕಾಲುವೆ. ಒಂದು ಕಾಲುವೆಯ ಗದ್ದೆ ಬಿರುಕು ಬಿಟ್ಟಿದೆ, ಇನ್ನೊಂದರಲ್ಲಿ ನೀರು ಸಾಕಷ್ಟಿದೆ. ಒಣಗಿದ ಗದ್ದೆಗಾಗಿ ತೂಬು ಎತ್ತಿದರೆ ಇನ್ನೊಂದು ಗದ್ದೆ ತುಂಬಿ ಬದು ಒಡೆಯುತ್ತದೆ. ಕೈಗೆ ಬೇಕಾದ ಡೋಸು ಆಸೆಯ ದಾರಿಗೆ ಜಾಸ್ತಿಯಾಗುತ್ತದೆ.

ಲೆವೊಡೋಪಾ ಮತ್ತು ಅಗೋನಿಸ್ಟ್ ನಡುವಿನ ವ್ಯತ್ಯಾಸ ಇಲ್ಲೇ ಬರುವುದು. ಲೆವೊಡೋಪಾ, ಅಂದರೆ ನಮ್ಮಲ್ಲಿ ಎಲ್ಲರೂ ಸಿಂಡೋಪಾ ಅಂತ ಕರೆಯುವ ಮಾತ್ರೆಯ ಮುಖ್ಯ ಅಂಶ, ಮಿದುಳಿಗೆ ಹೋಗಿ ಡೋಪಮಿನ್ ಆಗಿ ಬದಲಾಗುತ್ತದೆ. ಅಗೋನಿಸ್ಟ್‌ಗಳು ಹಾಗಲ್ಲ. ಪ್ರಮಿಪೆಕ್ಸೋಲ್, ರೋಪಿನಿರೋಲ್, ಚರ್ಮಕ್ಕೆ ಅಂಟಿಸುವ ರೊಟಿಗೋಟಿನ್ ಪ್ಯಾಚ್ ಇವೆಲ್ಲ ಡೋಪಮಿನ್ನಿನ ವೇಷ ಹಾಕಿಕೊಂಡು ನೇರವಾಗಿ ಕೆಲಸ ಮಾಡುತ್ತವೆ. ಡೋಪಮಿನ್ ಹಿಡಿಯುವ ಗ್ರಾಹಕಗಳಲ್ಲಿ ಡಿ3 ಅನ್ನುವ ಒಂದು ಬಗೆ ಇದೆ. ಅದು ಜಾಸ್ತಿ ಇರುವುದು ಆಸೆಯ ದಾರಿಯಲ್ಲಿ. ಈ ಮಾತ್ರೆಗಳಿಗೆ ಅದರ ಮೇಲೆ ವಿಶೇಷ ಸೆಳೆತ.

ಇನ್ನೂ ಒಂದು ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಮಾಮೂಲಿ ಮಿದುಳಿನಲ್ಲಿ ಗೆದ್ದಾಗ ಡೋಪಮಿನ್ ಒಮ್ಮೆ ಚಿಮ್ಮುತ್ತದೆ, ಸೋತಾಗ ಒಮ್ಮೆ ಇಳಿಯುತ್ತದೆ. ಆ ಇಳಿತವೇ ಪಾಠ. "ಇನ್ನು ಸಾಕು, ಎದ್ದು ಹೋಗು" ಅಂತ ಒಳಗಿನಿಂದ ಹೇಳುವುದು ಅದೇ. ಅಮೆರಿಕದ ಮಿದುಳು ವಿಜ್ಞಾನಿ ಮೈಕೆಲ್ ಫ್ರಾಂಕ್ ಮತ್ತು ಜೊತೆಗಾರರು 2004ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಪಾರ್ಕಿನ್ಸನ್ ರೋಗಿಗಳು ಮಾತ್ರೆ ಬಿಟ್ಟಿದ್ದ ಹೊತ್ತಿನಲ್ಲಿ ಸೋಲಿನಿಂದ ಚೆನ್ನಾಗಿ ಕಲಿತರು. ಮಾತ್ರೆ ತೆಗೆದುಕೊಂಡ ಹೊತ್ತಿನಲ್ಲಿ ಅದು ತಿರುವುಮುರುವಾಯಿತು, ಗೆಲುವಿನಿಂದ ಕಲಿಯುವುದು ಹೆಚ್ಚಾಯಿತು. ಇದಕ್ಕೆ ಕೊಡುವ ವಿವರಣೆ ಸರಳ. ಮಾತ್ರೆ ಡೋಪಮಿನ್ ಕೆಲಸವನ್ನು ಸದಾ ಎತ್ತಿ ಹಿಡಿದಿರುತ್ತದೆ, ಸೋತಾಗ ಇಳಿಯಬೇಕಾದ್ದು ಪೂರ್ತಿ ಇಳಿಯುವುದಿಲ್ಲ. ಗೆದ್ದದ್ದು ನಾಟುತ್ತದೆ, ಕಳೆದುಕೊಂಡದ್ದು ನಾಟುವುದಿಲ್ಲ. ಇಂಥ ಮನುಷ್ಯನ ಮುಂದೆ ಕೂತು "ಇಷ್ಟು ದುಡ್ಡು ಹೋಯಿತಲ್ಲ, ಇನ್ನಾದರೂ ಬುದ್ಧಿ ಬರಲಿಲ್ಲವಾ?" ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಬುದ್ಧಿ ಬರಬೇಕಾದ ದಾರಿಯನ್ನೇ ಮಾತ್ರೆ ಮುಚ್ಚಿಟ್ಟಿರಬಹುದು.

ಹಾಗಾದರೆ ಡಾಕ್ಟರುಗಳು ಅಗೋನಿಸ್ಟ್ ಬರೆಯುವುದೇ ಯಾಕೆ? ಕಾರಣ ಇದೆ, ಅದು ಒಳ್ಳೆಯ ಕಾರಣವೇ. ಲೆವೊಡೋಪಾ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಮೈ ತನ್ನಷ್ಟಕ್ಕೆ ಹೊಯ್ದಾಡುವ ತೊಂದರೆ ಬರಬಹುದು. ವಯಸ್ಸು ಕಡಿಮೆ ಇದ್ದಷ್ಟೂ ಅದು ಬೇಗ ಬರುತ್ತದೆ. ಹಾಗಾಗಿ ಚಿಕ್ಕ ವಯಸ್ಸಿನಲ್ಲಿ ಕಾಯಿಲೆ ಬಂದವರಿಗೆ ಮೊದಲು ಅಗೋನಿಸ್ಟ್ ಕೊಟ್ಟು ಲೆವೊಡೋಪಾವನ್ನು ಮುಂದೂಡುವ ಪದ್ಧತಿ ಬೆಳೆಯಿತು. ತೊಡಕು ಏನೆಂದರೆ, ಈ ಹಂಬಲಗಳು ಹೆಚ್ಚು ಕಾಡುವುದೂ ಚಿಕ್ಕ ವಯಸ್ಸಿನವರನ್ನೇ. ಐವತ್ತರ ಆಸುಪಾಸಿನ ರೋಗಿ ಎಂದರೆ ಮನೆಯ ಯಜಮಾನ. ಬ್ಯಾಂಕ್ ಖಾತೆ, ಪಹಣಿ, ಫೋನಿನ ಯುಪಿಐ ಎಲ್ಲ ಅವರ ಕೈಯಲ್ಲೇ. ಎಂಬತ್ತರ ಅಜ್ಜನಿಗೆ ಹಂಬಲ ಬಂದರೆ ಸೊಸೆ ಲಡ್ಡು ಡಬ್ಬಿ ಎತ್ತಿಡಬಹುದು. ಐವತ್ತೆರಡರ ಯಜಮಾನ ಒಂದು ಎಕರೆ ಮಾರಿಬಿಟ್ಟರೆ?

ಈ ಜಿಲ್ಲೆಯಲ್ಲಿ ಇದು ಬರೀ ಊಹೆಯ ಮಾತಲ್ಲ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರು, ಬಂಗಾರಪೇಟೆ ಕಡೆಯಿಂದ ಹಾದಿದೆ. ನರಸಾಪುರ, ವೇಮಗಲ್‌ನಲ್ಲಿ ಕೈಗಾರಿಕೆ ಬಂದಿದೆ. ಜಮೀನಿಗೆ ಬೆಲೆ ಏರಿದೆ, ದಲ್ಲಾಳಿಗಳು ಟೀ ಅಂಗಡಿಯಲ್ಲೇ ಸಿಗುತ್ತಾರೆ. ದುಡುಕುವ ಕೈಗೆ ಇಷ್ಟು ದೊಡ್ಡ ಮೊತ್ತ ಹಿಂದೆ ಯಾವತ್ತೂ ಇಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ.

ನಮ್ಮ ಕಡೆ ಇದು ಕಾಣಿಸಿಕೊಳ್ಳುವ ಬಗೆ

ವಿದೇಶಿ ವರದಿಗಳಲ್ಲಿ ಕ್ಯಾಸಿನೊ, ಸ್ಲಾಟ್ ಮೆಷಿನ್ ಎಂದು ಓದುತ್ತೇವೆ. ನಮ್ಮಲ್ಲಿ ಅದು ಇಸ್ಪೀಟು, ಅಂದರ್ ಬಾಹರ್, ಮಟ್ಕಾ, ಐಪಿಎಲ್, ಫೋನಿನ ರಮ್ಮಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಒಳ್ಳೆಯದೇ. ಆದರೆ ಕಾಯ್ದೆ ಆಟವನ್ನು ಮುಚ್ಚಬಹುದು, ಹಂಬಲವನ್ನು ಮುಚ್ಚಲಾರದು. ಊರಿನ ಬುಕ್ಕಿ ಆ್ಯಪ್ ನಂಬಿಕೊಂಡು ಬದುಕಿದವನಲ್ಲ. ರಾಜ್ಯದಲ್ಲಿ ಲಾಟರಿ ನಿಂತದ್ದು 2007ರಲ್ಲಿ, ಮಟ್ಕಾ ಚೀಟಿ ಇವತ್ತಿಗೂ ಸಿಗುತ್ತದೆ.

ಜೂಜಾದರೂ ಕಣ್ಣಿಗೆ ಕಾಣುತ್ತದೆ. ಕೊಳ್ಳುವುದು ಕಾಣುವುದಿಲ್ಲ. ಕೊಳ್ಳುವ ಮತ್ತು ತಿನ್ನುವ ಹಂಬಲ ಹೆಂಗಸರಲ್ಲಿ ಹೆಚ್ಚು, ಲೈಂಗಿಕ ಹಂಬಲ ಗಂಡಸರಲ್ಲಿ ಹೆಚ್ಚು ಎಂದು ಆ 2010ರ ಅಧ್ಯಯನವೇ ಹೇಳಿತ್ತು. ಬಂಗಾರಪೇಟೆಯ ನಿವೃತ್ತ ಶಿಕ್ಷಕಿಯೊಬ್ಬರು ಫೋನಿನಲ್ಲಿ ಲೈವ್ ನೋಡುತ್ತಾ ವಾರಕ್ಕೆ ನಾಲ್ಕು ಸೀರೆ ತರಿಸಿದರು ಎಂದುಕೊಳ್ಳಿ. ಪಿಂಚಣಿ ಅವರದ್ದೇ, ಯಾರು ಕೇಳುತ್ತಾರೆ? ಪೊಟ್ಟಣ ಬಿಚ್ಚದ ಸೀರೆಗಳು ಬೀರುವಿನಲ್ಲಿ ಅಡ್ಡಾದಿಡ್ಡಿ ತುಂಬಿದ ಮೇಲೆ ಮನೆಯವರಿಗೆ ಗೊತ್ತಾಗುತ್ತದೆ. ಕೇಳಿದವರಿಗೆಲ್ಲ ದುಡ್ಡು ಕೊಡುವುದು, ಮಿತಿಯಿಲ್ಲದೆ ದಾನ ಮಾಡುವುದು ಕೂಡ ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. ಇದನ್ನು ಹಿಡಿಯುವುದು ಇನ್ನೂ ಕಷ್ಟ. ಜಾತ್ರೆಗೆ, ಗುಡಿ ಜೀರ್ಣೋದ್ಧಾರಕ್ಕೆ ಶಕ್ತಿ ಮೀರಿ ಬರೆಸಿದವರಿಗೆ ಊರಲ್ಲಿ ಶಾಲು ಹೊದಿಸುತ್ತಾರೆಯೇ ಹೊರತು ಡಾಕ್ಟರ ಹತ್ತಿರ ಕರೆದೊಯ್ಯುವುದಿಲ್ಲ.

ಇನ್ನೊಂದು ವಿಚಿತ್ರ ವರ್ತನೆ ಇದೆ. ವೈದ್ಯರು ಅದನ್ನು ಪಂಡಿಂಗ್ ಅನ್ನುತ್ತಾರೆ. ಗಂಟೆಗಟ್ಟಲೆ ಒಂದೇ ಕೆಲಸ, ಗುರಿ ಇಲ್ಲ. ಪಂಪ್‌ಸೆಟ್ ಸ್ಟಾರ್ಟರ್ ಬಿಚ್ಚುವುದು, ಜೋಡಿಸುವುದು, ಮತ್ತೆ ಬಿಚ್ಚುವುದು. ಹಳೆಯ ಬಿಲ್ಲುಗಳನ್ನು ವಿಂಗಡಿಸುವುದು. ರಾತ್ರಿ ಎರಡು ಗಂಟೆಗೆ ಎದ್ದು ಮೊಳೆಗಳನ್ನು ಸೈಜು ಪ್ರಕಾರ ಇಡುವುದು. "ಪಾಪ, ಹೊತ್ತು ಹೋಗಲಿ ಅಂತ ಏನೋ ಮಾಡ್ತಾರೆ" ಎಂದು ಮನೆಯವರು ಬಿಡುತ್ತಾರೆ. ಎಬ್ಬಿಸಲು ಹೋದಾಗ ಸಿಡುಕು ಬಂದರೆ, ಊಟ ನಿದ್ದೆ ಬಿಟ್ಟು ಕೂತರೆ, ಅದು ಹೊತ್ತು ಕಳೆಯುವ ಕೆಲಸ ಅಲ್ಲ.

ಮಾತ್ರೆಯೇ ಚಟವಾಗುವುದೂ ಉಂಟು. ಇದು ಅಗೋನಿಸ್ಟ್‌ಗಿಂತ ಲೆವೊಡೋಪಾ ವಿಷಯದಲ್ಲಿ ಜಾಸ್ತಿ. ಹೇಳಿದ್ದಕ್ಕಿಂತ ಹೆಚ್ಚು ನುಂಗುವುದು, ಶೀಟುಗಳನ್ನು ಬಚ್ಚಿಡುವುದು, ಕೈಕಾಲು ಚೆನ್ನಾಗಿಯೇ ಆಡುತ್ತಿದ್ದರೂ ಇನ್ನೊಂದು ಬೇಕು ಅನ್ನುವುದು. ಇದನ್ನು ಮೊದಲು ಗಮನಿಸುವವರು ಡಾಕ್ಟರ್ ಅಲ್ಲ, ಮೆಡಿಕಲ್ ಸ್ಟೋರಿನವರು. ತಿಂಗಳಿಗೆ ಬರುವ ಗಿರಾಕಿ ಹದಿನೈದು ದಿನಕ್ಕೇ ಬಂದರು ಎಂಬುದು ಅವರಿಗೆ ಗೊತ್ತಿರುತ್ತದೆ. ಆಯುರ್ವೇದದ ನಸುಗುನ್ನಿ ಪುಡಿಯನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ನಸುಗುನ್ನಿ ಬೀಜದಲ್ಲಿ ಇರುವುದು ಲೆವೊಡೋಪಾವೇ. ಅದು ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಬೇಡ. ಸಿಂಡೋಪಾ ಜೊತೆಗೆ ಡಾಕ್ಟರಿಗೆ ಹೇಳದೆ ಅದನ್ನೂ ತೆಗೆದುಕೊಂಡರೆ ಒಟ್ಟು ಡೋಸು ಎಷ್ಟು ಎಂಬುದು ಯಾರಿಗೂ ಗೊತ್ತಿರುವುದಿಲ್ಲ, ಅದೇ ಸಮಸ್ಯೆ.

ಹಾಗಾದರೆ ಚಟ ಯಾವುದು, ಮಾತ್ರೆಯ ಕೆಲಸ ಯಾವುದು ಎಂದು ತಿಳಿಯುವುದು ಹೇಗೆ? ಒಳ್ಳೆಯದು ಕೆಟ್ಟದ್ದು ಎಂಬ ಅಳತೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಇಡೀ ಜಿಲ್ಲೆಯೇ ಟೊಮೆಟೊ ಮೇಲೆ ಪಂದ್ಯ ಕಟ್ಟಿ ಕೂತಿರುವಾಗ ಎಷ್ಟು ಆಡಿದರೆ ಕಾಯಿಲೆ ಎಂದು ಯಾರು ಗೆರೆ ಎಳೆಯಬೇಕು? ನೋಡಬೇಕಾದದ್ದು ತಾರೀಖು. ಮಾತ್ರೆ ಶುರುವಾದದ್ದು ಯಾವಾಗ, ಡೋಸು ಏರಿದ್ದು ಯಾವಾಗ, ಈ ವರ್ತನೆ ಶುರುವಾದದ್ದು ಯಾವಾಗ? ಮೂರನ್ನೂ ಒಂದು ಹಾಳೆಯಲ್ಲಿ ಬರೆದರೆ ಅರ್ಧ ಉತ್ತರ ಸಿಗುತ್ತದೆ. ಮಾತ್ರೆ ಶುರುವಾದ ಮರುವಾರವೇ ಬರಬೇಕು ಎಂದೇನಿಲ್ಲ. ತಿಂಗಳುಗಳಾಗಬಹುದು, ವರ್ಷಗಳೂ ಆಗಬಹುದು. ಅದಕ್ಕೇ ಜನ ಎರಡನ್ನೂ ಸೇರಿಸಿ ನೋಡುವುದಿಲ್ಲ. ಮೊದಲಿಂದಲೂ ಇಸ್ಪೀಟು ಆಡುತ್ತಿದ್ದವರಾದರೆ ಶುರುವಾದ ತಾರೀಖು ಸಿಗದು, ಕೈಮೀರಿದ ತಾರೀಖು ಸಿಗುತ್ತದೆ. ಅಂಥವರಿಗೆ ಅಪಾಯ ಇನ್ನೂ ಹೆಚ್ಚು. ಸಿಗರೇಟು ಸೇದುವವರು, ಮನೆತನದಲ್ಲಿ ಜೂಜಿನ ಚರಿತ್ರೆ ಇರುವವರು, ಒಂಟಿಯಾಗಿರುವವರು ಕೂಡ ಈ ಪಟ್ಟಿಯಲ್ಲಿ ಮುಂದಿದ್ದಾರೆ.

ಎಲ್ಲ ಜೂಜುಕೋರರಿಗೂ ಇದೊಂದು ನೆಪ ಆಗಿಬಿಡುತ್ತದೆ ಎಂದು ಕೆಲವರು ಹೇಳಬಹುದು. ಆಗಲಿ ಬಿಡಿ. ಒಬ್ಬ ಸುಳ್ಳು ನೆಪ ಹೇಳಿದರೆ ಆಗುವ ನಷ್ಟಕ್ಕಿಂತ, ನಿಜವಾಗಿ ಮಾತ್ರೆಯಿಂದ ಹೀಗಾದವರನ್ನು ಮನೆಯಿಂದ ಹೊರಗೆ ಹಾಕಿದರೆ ಆಗುವ ನಷ್ಟ ದೊಡ್ಡದು.

ಗೊತ್ತಿರುವವರು ಕೋಣೆಯಲ್ಲಿ ಇರುವುದಿಲ್ಲ

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ರೋಗಿಯ ಜೊತೆ ಹೋಗುವವರು ಯಾರು? ಮಗ, ಇಲ್ಲವೇ ಅಳಿಯ. ಬೆಳಗಿನ ಜಾವ ಬಸ್ ಹತ್ತಬೇಕು, ಚೀಟಿ ಮಾಡಿಸಬೇಕು, ಸಾಲಿನಲ್ಲಿ ನಿಲ್ಲಬೇಕು, ಅದಕ್ಕೆ ಗಂಡುಮಕ್ಕಳೇ ಆಗಬೇಕು ಎಂಬ ಲೆಕ್ಕ. ರಾತ್ರಿ ಏನು ನಡೆಯುತ್ತದೆ, ಫೋನಿನಲ್ಲಿ ಏನು ನೋಡುತ್ತಾರೆ, ಒಡವೆ ಎಲ್ಲಿ ಹೋಯಿತು ಎಂಬುದು ಗೊತ್ತಿರುವುದು ಹೆಂಡತಿಗೆ. ಅವರು ಮನೆಯಲ್ಲಿ ದನ ನೋಡಿಕೊಂಡಿರುತ್ತಾರೆ. ಅವರು ಬಂದರೂ ಮಗನ ಮುಂದೆ ಲೈಂಗಿಕ ವಿಷಯ ಬಾಯಿಬಿಡುವುದು ಸಾಧ್ಯವೇ? ಅರವತ್ತರ ಗಂಡ ದಿನಕ್ಕೆ ಮೂರು ಸಲ ಕಾಡುತ್ತಾನೆ, ಬೇಡ ಎಂದರೆ ರೇಗುತ್ತಾನೆ, ಇಲ್ಲದ ಸಂಬಂಧ ಕಟ್ಟಿ ಅನುಮಾನ ಪಡುತ್ತಾನೆ ಎಂದು ಯಾವ ಭಾಷೆಯಲ್ಲಿ ಹೇಳಬೇಕು? ಅಲ್ಲಿ ಐದು ನಿಮಿಷದ ಸಮಯ. ಡಾಕ್ಟರು ಕೈ ನೋಡುತ್ತಾರೆ, ನಡೆಸುತ್ತಾರೆ, "ಚೆನ್ನಾಗಿದ್ದೀರಲ್ಲ" ಅನ್ನುತ್ತಾರೆ. ನಿಜವೇ, ಕೈ ಚೆನ್ನಾಗಿದೆ.

ರೋಗಿಯೇ ಹೇಳಲಿ ಅಂದರೆ, ಎಷ್ಟೋ ರೋಗಿಗಳಿಗೆ ಅದು ತೊಂದರೆ ಅನಿಸುವುದೇ ಇಲ್ಲ. ಅನಿಸಿದವರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಹಾಗಾಗಿ ಕೇಳುವ ಕೆಲಸ ಡಾಕ್ಟರದ್ದೇ. ಇದಕ್ಕೆಂದೇ 2009ರಿಂದ ಕ್ವಿಪ್ ಎಂಬ ಚಿಕ್ಕ ಪ್ರಶ್ನಾವಳಿ ಇದೆ, ರೋಗಿಯೂ ಮನೆಯವರೂ ತುಂಬಬಹುದು. ಪ್ರಶ್ನಾವಳಿ ಇಲ್ಲದಿದ್ದರೂ ನಡೆಯುತ್ತದೆ. "ಇತ್ತೀಚೆಗೆ ದುಡ್ಡು ಜಾಸ್ತಿ ಖರ್ಚಾಗ್ತಿದೆಯಾ? ಆಟಗೀಟ ಏನಾದರೂ ಶುರುವಾಗಿದೆಯಾ? ರಾತ್ರಿ ಎದ್ದು ತಿಂತಾರಾ?" ಎಂದು ಆರಾಮವಾಗಿ ಕೇಳಿದರೆ ಸಾಕು. ಕೊನೆಗೆ ಮಗನನ್ನು ಮಾತ್ರೆ ತರಲು ಕಳಿಸಿ, ಒಬ್ಬ ನರ್ಸ್ ಹೆಂಡತಿಯನ್ನು ಪಕ್ಕಕ್ಕೆ ಕರೆದು ಎರಡು ನಿಮಿಷ ಮಾತಾಡಿದರೆ ಇನ್ನೂ ಒಳ್ಳೆಯದು.

ಎಲ್ಲಕ್ಕಿಂತ ಮೊದಲು, ಮಾತ್ರೆ ಬರೆಯುವ ದಿನವೇ ಮನೆಯವರಿಗೆ ಹೇಳಿಬಿಡಬೇಕು. ಹೇಳಿದರೆ ಹೆದರಿ ಮಾತ್ರೆಯನ್ನೇ ಬಿಡುತ್ತಾರೆ ಎಂದು ಡಾಕ್ಟರುಗಳು ಹಿಂಜರಿಯುವುದುಂಟು. ನನಗೆ ಆ ವಾದ ಒಪ್ಪಿಗೆಯಾಗುವುದಿಲ್ಲ. ಹೊಟ್ಟೆ ತೊಳಸುತ್ತದೆ, ನಿದ್ದೆ ಬರುತ್ತದೆ ಎಂದು ಹೇಳುತ್ತೀರಿ. ಮನೆಯನ್ನೇ ಮುಳುಗಿಸಬಲ್ಲ ವಿಷಯವನ್ನು ಹೇಳದೆ ಬಿಡಲು ಯಾವ ನ್ಯಾಯ?

ಮಾತ್ರೆ ಬಚ್ಚಿಡಬೇಡಿ

ವಿಷಯ ಗೊತ್ತಾದ ಮನೆಯಲ್ಲಿ ಮೊದಲು ಆಗುವ ತಪ್ಪು ಇದು. ಸಿಟ್ಟಿನಲ್ಲಿ ಎಲ್ಲ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಪಾರ್ಕಿನ್ಸನ್ ಮಾತ್ರೆಗಳನ್ನು ತಟ್ಟನೆ ನಿಲ್ಲಿಸಿದರೆ ಮೈ ಮರದಂತೆ ಬಿಗಿದು, ಜೋರು ಜ್ವರ ಬಂದು, ಪ್ರಜ್ಞೆ ತಪ್ಪಿ ಜೀವಕ್ಕೇ ಅಪಾಯ ಆಗಬಹುದು. ಅಗೋನಿಸ್ಟ್ ಒಂದನ್ನೇ ಥಟ್ಟನೆ ಬಿಟ್ಟರೂ ಕೆಲವರಿಗೆ ವಿಪರೀತ ಆತಂಕ, ಬೆವರು, ಖಿನ್ನತೆ, ಆ ಮಾತ್ರೆಯೇ ಬೇಕೆಂಬ ಹಂಬಲ ಶುರುವಾಗುತ್ತದೆ. 2010ರಲ್ಲಿ ವೈದ್ಯರು ಇದನ್ನು ಬೇರೆಯದೇ ಒಂದು ತೊಂದರೆ ಎಂದು ಗುರುತಿಸಿದರು. ಲೆವೊಡೋಪಾ ಹೆಚ್ಚಿಸಿದರೂ ಅದು ಇಳಿಯುವುದಿಲ್ಲ ಎಂಬುದು ಅದರ ಲಕ್ಷಣ.

ಸರಿಯಾದ ದಾರಿ ನಿಧಾನದ್ದು. ನರರೋಗ ತಜ್ಞರು ಅಗೋನಿಸ್ಟನ್ನು ಹಂತಹಂತವಾಗಿ ಇಳಿಸುತ್ತಾರೆ, ಬೇಕಿದ್ದರೆ ಲೆವೊಡೋಪಾ ಸ್ವಲ್ಪ ಏರಿಸುತ್ತಾರೆ. ಹೆಚ್ಚಿನವರಲ್ಲಿ ಹಂಬಲ ಇಳಿಯುತ್ತದೆ, ಎಷ್ಟೋ ಜನರಲ್ಲಿ ಪೂರ್ತಿ ಹೋಗುತ್ತದೆ. ಎಲ್ಲರಲ್ಲೂ ಅಲ್ಲ. ಮನಸ್ಸಿನ ತರಬೇತಿ ಕೊಡುವ ಕೌನ್ಸೆಲಿಂಗ್‌ನಿಂದ ಸಹಾಯ ಆಗಿದೆ ಎಂದು ಲಂಡನ್ನಿನ ಒಂದು ಪ್ರಯೋಗ 2013ರಲ್ಲಿ ತೋರಿಸಿತು. ಜೂಜಿಗೆ ಇನ್ನೊಂದು ಮಾತ್ರೆ ಸೇರಿಸಿ ಗುಣಪಡಿಸುವ ಪ್ರಯತ್ನಗಳಲ್ಲಿ ಫಲಿತಾಂಶ ಅಷ್ಟಕ್ಕಷ್ಟೇ.

ಕಷ್ಟ ಎಲ್ಲಿದೆ ಅಂದರೆ, ಅಗೋನಿಸ್ಟ್ ಇಳಿಸಿದಾಗ ಕೈ ಮತ್ತೆ ನಡುಗಬಹುದು. ಎರಡು ವರ್ಷ ಚೆನ್ನಾಗಿ ಓಡಾಡಿದ ಮನುಷ್ಯ ಮತ್ತೆ ಗೋಡೆ ಹಿಡಿದು ನಡೆಯಬೇಕಾಗಬಹುದು. ರೋಗಿ ಬೇಡ ಎಂದು ಹಟ ಮಾಡುತ್ತಾರೆ, ಅದರಲ್ಲಿ ಅರ್ಥವಿದೆ. ನಡಿಗೆ ಅವರದ್ದು, ಸಾಲ ಮನೆಯವರದ್ದು. ಈ ಚೌಕಾಸಿಯನ್ನು ಡಾಕ್ಟರು, ರೋಗಿ, ಮನೆಯವರು ಮೂವರೂ ಕೂತು ಮಾಡಬೇಕು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಡೋಸು ಹೊಂದಿಕೆಯಾಗಲು ನಾಲ್ಕಾರು ಭೇಟಿ ಬೇಕು. ಮುಳಬಾಗಿಲಿನಿಂದ ಬೆಂಗಳೂರಿಗೆ ಅಷ್ಟು ಸಲ ಓಡಾಡುವುದು ಯಾರಿಗೆ ಸುಲಭ? ಒಮ್ಮೆ ಹೋಗಿ ಬಂದವರು ಅದೇ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಊರಿನ ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ತರುತ್ತಾರೆ. ಬರೆದವರು ನೋಡುತ್ತಿಲ್ಲ, ನೋಡುವವರು ಬರೆದಿಲ್ಲ.

ಈ ಕಂದಕ ತುಂಬಲು ಬೇಕಾದ ಸಾಮಾನು ಜಿಲ್ಲೆಯಲ್ಲೇ ಇದೆ ಎಂಬುದು ನನ್ನ ಲೆಕ್ಕ. ನಿಮ್ಹಾನ್ಸ್, ರಾಜ್ಯ ಆರೋಗ್ಯ ಇಲಾಖೆ, ನೀತಿ ಆಯೋಗ ಸೇರಿ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ಶುರು ಮಾಡಿದಾಗ ಪ್ರಯೋಗಕ್ಕೆ ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಜಿಲ್ಲಾ ಆಸ್ಪತ್ರೆಯಲ್ಲೇ ಮೆದುಳಿನ ಆರೋಗ್ಯದ ಕ್ಲಿನಿಕ್ ಬಂತು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟರು. ಆಗ ಮುಖ್ಯವಾಗಿ ಗಮನ ಹರಿಸಿದ್ದು ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಮರೆವಿನ ಕಾಯಿಲೆ ಈ ನಾಲ್ಕಕ್ಕೆ. ಪಾರ್ಕಿನ್ಸನ್ ರೋಗಿಗಳ ಡೋಸು ಹೊಂದಿಸುವ ಕೆಲಸಕ್ಕೆ, ದುಡ್ಡು, ಆಟ, ತಿನ್ನುವುದರ ಬಗ್ಗೆ ಆ ಪ್ರಶ್ನೆಗಳನ್ನು ಕೇಳುವ ಕೆಲಸಕ್ಕೆ ಅದೇ ಕ್ಲಿನಿಕ್ಕನ್ನು ಯಾಕೆ ಬಳಸಬಾರದು? ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ರಾತ್ರಿ ಹನ್ನೊಂದಕ್ಕೆ ಗಂಡ ಫೋನ್ ಕಿತ್ತುಕೊಂಡು ಜಗಳಕ್ಕೆ ನಿಂತಾಗ ಯಾರಿಗೆ ಹೇಳುವುದು ಎಂದು ಕೂತ ಹೆಂಡತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಇದೆ. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಡೋಸು ಬದಲಿಸುವ ಕೆಲಸ ಮಾತ್ರ ನರರೋಗ ತಜ್ಞರದ್ದು.

ದುಡ್ಡಿನ ವಿಷಯ ಉಳಿಯಿತು. ಮಾತ್ರೆ ಇಳಿಸಲು ಕೆಲವು ವಾರ ಸಾಕು, ಸಾಲ ತೀರಿಸಲು ವರ್ಷಗಳು ಬೇಕು. ಡೋಸು ಇಳಿಯುವವರೆಗೆ ಯುಪಿಐ ಮಿತಿ ಕಡಿಮೆ ಮಾಡಿಸುವುದು, ಖಾತೆಯನ್ನು ಇಬ್ಬರ ಸಹಿ ಇದ್ದರೆ ಮಾತ್ರ ಹಣ ತೆಗೆಯುವಂಥ ಜಂಟಿ ಖಾತೆ ಮಾಡುವುದು, ಜಮೀನಿನ ಮೂಲ ಪತ್ರ ಬೇರೆಯವರ ಹತ್ತಿರ ಇಡುವುದು, ಇದನ್ನೆಲ್ಲ ರೋಗಿಗೆ ಹೇಳಿ, ಒಪ್ಪಿಸಿಯೇ ಮಾಡಬೇಕು. ಕದ್ದು ಮಾಡಿದರೆ ಇನ್ನೊಂದು ಜಗಳ. ಫ್ರಾನ್ಸಿನಲ್ಲಿ ರೋಪಿನಿರೋಲ್ ತೆಗೆದುಕೊಂಡ ಮೇಲೆ ಜೂಜಿಗೆ ಬಿದ್ದು, ಉಳಿತಾಯವೆಲ್ಲ ಕಳೆದುಕೊಂಡ ಒಬ್ಬರು ಔಷಧ ಕಂಪನಿ ಮೇಲೆ ಕೇಸು ಹಾಕಿದರು. 2012ರಲ್ಲಿ ರೆನ್ ನಗರದ ಮೇಲ್ಮನವಿ ನ್ಯಾಯಾಲಯ ಅವರಿಗೆ ಸುಮಾರು 1,97,000 ಯೂರೋ ಪರಿಹಾರ ಕೊಡಿಸಿತು.

ಮುಳಬಾಗಿಲಿನ ರೈತರು ಔಷಧ ಕಂಪನಿ ಮೇಲೆ ಕೇಸು ಹಾಕುವುದು ದೂರದ ಮಾತು. ಅವರು ಉತ್ತರ ಹೇಳಬೇಕಾಗಿರುವುದು ಕೈಸಾಲ ಕೊಟ್ಟ ಷಡ್ಡಕನಿಗೆ, ಚೀಟಿ ನಡೆಸುವ ಪಕ್ಕದ ಬೀದಿಯವರಿಗೆ, ಸೊಸೈಟಿಯ ಕಾರ್ಯದರ್ಶಿಗೆ. ಅವರ ಮುಂದೆ ಹೆಂಡತಿ "ಮಾತ್ರೆಯಿಂದ ಹೀಗಾಯಿತು" ಅಂದರೆ ಯಾರೂ ನಂಬುವುದಿಲ್ಲ. ಹಾಗಾಗಿ ಬೆಂಗಳೂರಿಗೆ ಹೋದಾಗ ಡಾಕ್ಟರಿಗೆ ಹೇಳಿ ಓಪಿ ಚೀಟಿಯಲ್ಲೇ ಬರೆಸಿಕೊಳ್ಳಿ. ಯಾವ ಮಾತ್ರೆ, ಯಾವ ತಾರೀಖಿನಿಂದ, ಅದರ ಸೈಡ್ ಎಫೆಕ್ಟ್‌ನಿಂದ ಈ ವರ್ತನೆ, ಯಾವ ತಾರೀಖಿಗೆ ಡೋಸು ಇಳಿಸಲಾಯಿತು. ಎರಡು ಸಾಲು, ಕೆಳಗೆ ಸಹಿ ಮತ್ತು ಸೀಲು. ಅದರ ಜೆರಾಕ್ಸ್ ನಾಲ್ಕೈದು ಮಾಡಿಸಿಟ್ಟುಕೊಳ್ಳಿ.